ಹೂವಿದೆ, ಕಾಯಿಯಿಲ್ಲ: ಬೆಣ್ಣೆ ಹಣ್ಣಿನಲ್ಲಿ ಗಂಡು ಮರ ಎಂಬುದುಂಟೇ?

ಪ್ರಶ್ನೆ: ಶಿರಸಿಯ ಹತ್ತಿರ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಬೀಜದಿಂದ ಎದ್ದ ಬೆಣ್ಣೆ ಹಣ್ಣಿನ ಮರ ಒಂದಿದೆ. ವಯಸ್ಸು ಒಂಬತ್ತು. ಮೂರು ವರ್ಷಗಳಿಂದ ಮೈತುಂಬ ಹೂ ಬಿಡುತ್ತಿದೆ, ಕಾಯಿ ಮಾತ್ರ ನಿಲ್ಲುತ್ತಿಲ್ಲ. ಗಂಡು ಮರವೆಂದು ಎಲ್ಲರೂ ಹೇಳುತ್ತಾರೆ. ಕಡಿಸಿಬಿಡಬಹುದೇ?

ಉತ್ತರ: ಕಡಿಸಬೇಡಿ. ಚಳಿ ಇಳಿಯುವ ಹೊತ್ತಿಗೆ ಪ್ರತಿ ವರ್ಷವೂ ಈ ಪ್ರಶ್ನೆ ಸಿದ್ದಾಪುರದಿಂದಲೋ ಯಲ್ಲಾಪುರದಿಂದಲೋ ಕುಮಟೆಯಿಂದಲೋ ನನ್ನ ಬಳಿಗೆ ಬರುತ್ತದೆ. ಊರು ಬದಲಾಗುತ್ತದೆ, ಮರದ ವಯಸ್ಸು ಬದಲಾಗುತ್ತದೆ, 'ಎಲ್ಲರೂ ಹೇಳುತ್ತಾರೆ' ಎಂಬ ಮಾತು ಮಾತ್ರ ಬದಲಾಗುವುದಿಲ್ಲ. ಬೆಣ್ಣೆ ಹಣ್ಣಿನಲ್ಲಿ ಗಂಡು ಮರವೂ ಇಲ್ಲ, ಹೆಣ್ಣು ಮರವೂ ಇಲ್ಲ.

ಈ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಕಾರಣವಿದೆ, ಆ ಕಾರಣಕ್ಕೆ ನಾನು ಗೌರವವನ್ನೂ ಕೊಡುತ್ತೇನೆ. ನಮ್ಮ ತೋಟದಲ್ಲಿ ಜಾಯಿಕಾಯಿಯ ಬೀಜ ಊರಿದವರಿಗೆ ಏಳೆಂಟು ವರ್ಷ ಕಾದ ಮೇಲೆ ಸರಿಸುಮಾರು ಅರ್ಧದಷ್ಟು ಗಿಡಗಳು ಗಂಡಾಗಿ ಹೊರಟ ಅನುಭವವಿದೆ. ಬೆಟ್ಟದ ಮುರುಗಲಿನಲ್ಲಿಯೂ ಉಪ್ಪಾಗೆಯಲ್ಲಿಯೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಿತ್ತಲಿನ ಪಪ್ಪಾಯಿಯ ಗಂಡುಗಿಡವನ್ನಂತೂ ಮಕ್ಕಳೂ ಗುರುತಿಸುತ್ತಾರೆ. ಇಷ್ಟೆಲ್ಲ ನೋಡಿದ ಕಣ್ಣಿಗೆ, ಹೂ ಬಿಟ್ಟು ಕಾಯಿ ಹಿಡಿಯದ ಇನ್ನೊಂದು ಮರ ಗಂಡಾಗಿಯೇ ಕಾಣುವುದು ಸಹಜ. ಆದರೆ ಈ ಲೆಕ್ಕ ಬೆಣ್ಣೆ ಹಣ್ಣಿಗೆ ಹೊಂದುವುದಿಲ್ಲ. ಅದು ದಾಲ್ಚಿನ್ನಿಯ ಕುಟುಂಬದ ಮರ. ಅದರ ಒಂದೊಂದು ಹೂವಿನಲ್ಲಿಯೂ ಒಂಬತ್ತು ಕೇಸರಗಳು ಮತ್ತು ಒಂದು ಶಲಾಕೆ, ಅಂದರೆ ಗಂಡು ಹೆಣ್ಣು ಎರಡೂ ಅಂಗಗಳು, ಒಟ್ಟಿಗೇ ಇರುತ್ತವೆ.

ಹಾಗಾದರೆ ತೊಡಕು ಎಲ್ಲಿದೆ? ಹೊತ್ತಿನಲ್ಲಿದೆ. ಈ ಹೂವು ಎರಡು ಬಾರಿ ಅರಳುತ್ತದೆ. ಮೊದಲ ಸಲ ಅರಳುವಾಗ ಹೆಣ್ಣಾಗಿರುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ, ಮರುದಿನ ಗಂಡಾಗಿ ಅರಳುತ್ತದೆ. ನಾನು ಹೇಳಿದ್ದನ್ನು ನಂಬಬೇಕಾಗಿಲ್ಲ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಒಂದು ಗೊಂಚಲಿನಲ್ಲಿ ಅರಳಿರುವ ನಾಲ್ಕೈದು ಹೂಗಳ ತೊಟ್ಟಿಗೆ ಹೊಲಿಗೆಯ ಕೆಂಪು ದಾರವನ್ನು ಸಡಿಲವಾಗಿ ಕಟ್ಟಿಡಿ. ನಡುವೆ ಬಿಳಿಯ ತುದಿಯ ಶಲಾಕೆ ನೆಟ್ಟಗೆ ನಿಂತು, ಕೇಸರಗಳು ದಳಗಳ ಮೇಲೆ ಚಪ್ಪಟೆಯಾಗಿ ಮಲಗಿದ್ದರೆ ಅದು ಹೆಣ್ಣು ಹಂತ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಆ ಹೂಗಳು ಮುಚ್ಚಿರುತ್ತವೆ. ಮರುದಿನ ಮಧ್ಯಾಹ್ನ ಅದೇ ಕೆಂಪು ದಾರದ ಹೂವನ್ನು ನೋಡಿದರೆ ಕೇಸರಗಳು ಎದ್ದು ನಿಂತಿರುತ್ತವೆ, ಪರಾಗಕೋಶದ ಪುಟ್ಟ ಮುಚ್ಚಳಗಳು ಮೇಲಕ್ಕೆ ತೆರೆದುಕೊಂಡು ಹಳದಿ ಪುಡಿಯನ್ನು ಹಿಡಿದಿರುತ್ತವೆ, ನಿನ್ನೆ ಬೆಳ್ಳಗಿದ್ದ ಶಲಾಕೆಯ ತುದಿ ಕಂದಿರುತ್ತದೆ. ಒಂದೇ ಹೂವು ಎರಡು ದಿನಗಳಲ್ಲಿ ಎರಡು ಪಾತ್ರ ಮಾಡುವುದನ್ನು ಕಣ್ಣಾರೆ ಕಂಡವರು ಮರವನ್ನು ಗಂಡೆಂದು ಕರೆಯುವುದನ್ನು ನಾನು ಈವರೆಗೆ ಕೇಳಿಲ್ಲ.

ಹೀಗೆ ಬೆಳಿಗ್ಗೆ ಹೆಣ್ಣಾಗಿ, ಮರುದಿನ ಮಧ್ಯಾಹ್ನ ಗಂಡಾಗಿ ಅರಳುವ ಮರಗಳನ್ನು 'ಎ' ಬಗೆ ಎನ್ನುತ್ತಾರೆ. ಮಧ್ಯಾಹ್ನ ಹೆಣ್ಣಾಗಿ, ಮರುದಿನ ಬೆಳಿಗ್ಗೆ ಗಂಡಾಗಿ ಅರಳುವುದು 'ಬಿ' ಬಗೆ. ಮರದಲ್ಲಿ ಲಕ್ಷಗಟ್ಟಲೆ ಹೂಗಳಿದ್ದರೂ ಅವೆಲ್ಲವೂ ಒಂದೇ ವೇಳಾಪಟ್ಟಿಗೆ ಬದ್ಧವಾಗಿರುವುದರಿಂದ, 'ಎ' ಬಗೆಯನ್ನು ಬೆಳಿಗ್ಗೆ ನೋಡಿದರೆ ಇಡೀ ಮರ ಹೆಣ್ಣು, ಮಧ್ಯಾಹ್ನ ನೋಡಿದರೆ ಇಡೀ ಮರ ಗಂಡು ಎಂಬಂತೆ ಇರುತ್ತದೆ. ಪರಾಗ ಬೇಕಾದ ಹೊತ್ತಿನಲ್ಲಿ ಆ ಮರದಲ್ಲಿಯೇ ಪರಾಗವಿರುವುದಿಲ್ಲ. ಎರಡೂ ಬಗೆಯ ಮರಗಳು ಹತ್ತಿರದಲ್ಲಿದ್ದರೆ ಒಂದರ ಹೆಣ್ಣು ಹೊತ್ತಿಗೆ ಇನ್ನೊಂದರ ಗಂಡು ಹೊತ್ತು ಸರಿಯಾಗಿ ಕೂಡುತ್ತದೆ.

'ಪಕ್ಕದೂರಿನಲ್ಲಿ ಒಂಟಿ ಮರವೇ ಬುಟ್ಟಿಗಟ್ಟಲೆ ಕಾಯಿ ಬಿಡುತ್ತದಲ್ಲ' ಎಂದು ತಕ್ಷಣ ಕೇಳುವವರಿದ್ದಾರೆ. ಬಿಡುತ್ತದೆ. ಮುಚ್ಚುವ ಹೂಗಳ ಹೊತ್ತೂ ತೆರೆಯುವ ಹೂಗಳ ಹೊತ್ತೂ ಸ್ವಲ್ಪ ಒಂದರ ಮೇಲೊಂದು ಬರುವುದುಂಟು. ಚಳಿ ಹೆಚ್ಚಿದ ದಿನಗಳಲ್ಲಿ ವೇಳಾಪಟ್ಟಿಯೇ ಏರುಪೇರಾಗಿ ಎರಡೂ ಹಂತದ ಹೂಗಳು ಒಟ್ಟಿಗೆ ತೆರೆದಿರುವುದೂ ಉಂಟು. ಆ ಸಂದಿನಲ್ಲಿ ಜೇನು ಬಂದರೆ ಒಂಟಿ ಮರಕ್ಕೂ ಕಾಯಿ ನಿಲ್ಲುತ್ತದೆ. ತುಡುವೆ ಜೇನಿನ ಪೆಟ್ಟಿಗೆ ಇಟ್ಟವರಿಗೆ ಇಲ್ಲಿ ಅನುಕೂಲವಿದೆ, ಗೋಡೆಯ ಸಂದಿನ ಮಿಸರಿಯನ್ನೂ ಕಡೆಗಣಿಸಬೇಡಿ. ಈ ಮರದ ತವರಾದ ಮಧ್ಯ ಅಮೆರಿಕದಲ್ಲಿ, ಯುರೋಪಿನ ಜೇನು ಹೋಗುವ ಮೊದಲು, ಮಿಸರಿಯ ಬಳಗದ ಮುಳ್ಳಿಲ್ಲದ ಜೇನುಗಳು ಈ ಹೂಗಳ ಕೆಲಸ ಮಾಡುತ್ತಿದ್ದವು. ಕಾಯಿ ಹಿಡಿಯಲೆಂದು ಕಾಂಡಕ್ಕೆ ಮೊಳೆ ಹೊಡೆಯುವುದರಿಂದ ಹೂವಿನ ಹೊತ್ತು ಬದಲಾಗುವುದಿಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿ ಬಂದಿರುವುದಕ್ಕೆ ವಿಷಾದವಿದೆ.

ಉದುರಿದ ಹೂವನ್ನು ಕಂಡು ಗಾಬರಿಯಾಗುವುದೂ ಬೇಡ. ಎಲ್ಲವೂ ಸರಿಯಿದ್ದ ಮರದಲ್ಲಿಯೂ ನೂರು ಹೂವಿಗೆ ಒಂದು ಕಾಯಿ ಉಳಿಯುವುದು ಕಷ್ಟ. ಎಲೆ ಸಣ್ಣದಾಗಿ, ತುದಿಯಿಂದ ಕೊಂಬೆ ಒಣಗುತ್ತ ಬಂದಿದ್ದರೆ ಮಾತ್ರ ಹೂವಿನ ಚಿಂತೆ ಬಿಟ್ಟು ಬುಡ ನೋಡಿ: ನಮ್ಮ ಮಳೆಯಲ್ಲಿ ನೀರು ನಿಂತ ನೆಲದಲ್ಲಿ ಈ ಮರಕ್ಕೆ ಬೇರುಕೊಳೆ ಬರುತ್ತದೆ.

ಪಕ್ಕದ ಸಪ್ಪೆ ಹಣ್ಣಿನ ಮರದ ಪರಾಗ ಬಂದರೆ ನಮ್ಮ ಹಣ್ಣೂ ಸಪ್ಪೆಯಾಗದೇ ಎಂದು ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳುವಿರಿ. ಆಗುವುದಿಲ್ಲ. ನಾವು ತಿನ್ನುವ ತಿರುಳು ತಾಯಿ ಮರದ್ದು. ಪರಾಗದ ಪಾಲು ಇರುವುದು ಒಳಗಿನ ಬೀಜದಲ್ಲಿ. ಆ ಬೀಜ ಊರಿದಾಗ ಮಾತ್ರ ತಂದೆಯ ಗುಣ ಹೊರಬರುತ್ತದೆ. ಪೇಟೆಯಿಂದ ತಂದ ರುಚಿಯಾದ ಹಣ್ಣಿನ ಬೀಜ ಊರಿ ಅದೇ ಹಣ್ಣಿಗೆ ಕಾಯುವವರು ಈ ಕಾರಣಕ್ಕೇ ಮೋಸಹೋಗುತ್ತಾರೆ. ಮೆಕ್ಸಿಕೋದ್ದು, ಗ್ವಾಟೆಮಾಲದ್ದು, ವೆಸ್ಟ್ ಇಂಡೀಸಿನದು ಎಂಬ ಮೂರು ಕುಲಗಳು ಬೆರೆತು ಬಂದಿರುವ ಈ ಹಣ್ಣಿನಲ್ಲಿ ಒಂದೊಂದು ಬೀಜವೂ ಹೊಸ ವ್ಯಕ್ತಿ. ಬೀಜದ ಗಿಡ 'ಎ' ಬಗೆಯೋ 'ಬಿ' ಬಗೆಯೋ ಎಂಬುದೂ ಹೂವು ನೋಡುವವರೆಗೆ ಗೊತ್ತಾಗುವುದಿಲ್ಲ.

ಇಂದು ಜಗತ್ತಿನ ಮಾರುಕಟ್ಟೆಯನ್ನು ಆಳುತ್ತಿರುವ ಹಾಸ್ ತಳಿ ಹುಟ್ಟಿದ್ದೂ ಹೀಗೊಂದು ಬೀಜದಿಂದ. ಕ್ಯಾಲಿಫೋರ್ನಿಯದ ಅಂಚೆಯವ ರುಡಾಲ್ಫ್ ಹಾಸ್ 1926ರಲ್ಲಿ ಬೀಜ ಊರಿ, ಎದ್ದ ಸಸಿಗೆ ಫುಯೆರ್ಟೆ ತಳಿಯ ಕಸಿ ಕಟ್ಟಲು ಹೋದರೆ ಅದು ಹಿಡಿಯಲಿಲ್ಲ. ಬಿಟ್ಟ ಗಿಡವೇ ಮುಂದೆ ಅವನಿಗೆ 1935ರಲ್ಲಿ ಪೇಟೆಂಟ್ ತಂದಿತು. ಆ ತಾಯಿ ಮರ 2002ರಲ್ಲಿ ಬೇರುಕೊಳೆಯಿಂದ ಸತ್ತಿತು, ಆದರೆ ಲೋಕದ ಹಾಸ್ ಗಿಡಗಳೆಲ್ಲವೂ ಕಸಿಯ ಮೂಲಕ ಅದರದೇ ಕೊಂಬೆಗಳು. ಒಳ್ಳೆಯ ಅಪ್ಪೆಮಿಡಿ ಮರದ ಕಡ್ಡಿ ತಂದು ಕಸಿ ಕಟ್ಟುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದ್ದರಿಂದಲೇ ನರ್ಸರಿಯಿಂದ ಎರಡು ಹಾಸ್ ಕಸಿ ತಂದು 'ಜೋಡಿ ನೆಟ್ಟಿದ್ದೇನೆ' ಎನ್ನುವವರು ನೆಟ್ಟಿರುವುದು ಒಂದೇ ಮರವನ್ನು ಎರಡು ಸಲ. ಎರಡೂ 'ಎ' ಬಗೆ, ಎರಡಕ್ಕೂ ಒಂದೇ ಹೊತ್ತು. ಹಾಸ್ ಜೊತೆಗೆ ಬೇಕಾದದ್ದು ಫುಯೆರ್ಟೆಯಂಥ 'ಬಿ' ಬಗೆ. ನಿಮ್ಮ ಮರದ ಬಗೆ ಯಾವುದೆಂಬುದನ್ನು ಈ ಸಲದ ಹೂವಿಗೆ ಕೆಂಪು ದಾರ ಕಟ್ಟಿ ಗುರುತಿಸಿಕೊಳ್ಳಿ. ಮತ್ತೊಂದು ಬಗೆಯ ಗಿಡ ನೆಡಲು ತೋಟದ ಅಂಚಿನಲ್ಲಿ ಜಾಗವಿಲ್ಲದಿದ್ದರೆ, ಇದೇ ಮರದ ಬಿಸಿಲು ಬೀಳುವ ಒಂದು ಕೊಂಬೆಗೆ ಆ ಬಗೆಯ ಕಡ್ಡಿಯನ್ನು ಕಸಿ ಕಟ್ಟಿಸಿ.