ಹೊಸ ಧಂದಾ ನಡೀತದೋ ಇಲ್ಲೋ: ರೊಕ್ಕ ಹಾಕೂ ಮೊದಲ ಪರೀಕ್ಷಾ ಮಾಡೋದು ಹೆಂಗ

ನಮ್ಮ ಬಿಕಾಂ ಕೊನೀ ವರ್ಷದ ಉದ್ಯಮಶೀಲತಾ ಪೇಪರ್‌ದಾಗ ಕಾರ್ಯಸಾಧ್ಯತಾ ಅಧ್ಯಯನ, ಅಂದ್ರ ಧಂದಾ ನಡೀತದೋ ಇಲ್ಲೋ ಮೊದಲೇ ನೋಡೋದು, ಅಂತ ಒಂದು ಯೂನಿಟ್ ಅದ. ಮಾರ್ಕೆಟ್, ತಾಂತ್ರಿಕ, ಹಣಕಾಸು, ಕಾನೂನು ಅಂತ ನಾಕು ಥರ ಕೊಟ್ಟಾರ, ನಾಕೂ ಬಾಯಿಪಾಠ ಮಾಡಿ ಬರದ್ರ ಮಾರ್ಕ್ಸ್ ಬರ್ತಾವ. ಆದ್ರ ನಮ್ಮ ಕ್ಲಾಸ್‌ನಾಗ ನಾಕೈದು ಮಂದಿ ಖರೇನೇ ಏನರ ಶುರು ಮಾಡ್ಬೇಕಂತ ವಿಚಾರ ಮಾಡ್ಲಕತ್ತಾರ, ಮನ್ಯಾಗ ರೊಕ್ಕ ಕೇಳೂ ಮಟ್ಟಕ್ಕ ಬಂದಾರ, ಅವರ ಸಲುವಾಗೇ ಇದನ್ನ ಬರೀಲಕತ್ತೀನಿ. ನಾನು ಮತ್ತ ನನ್ನ ಗೆಳೆಯ ಒಂದು ಐಡಿಯಾ ಹಿಡ್ಕೊಂಡು ಕಲಬುರಗಿ ಓಣಿ ಓಣಿ ತಿರುಗೀವಿ, ಅದನ್ನೇ ಉದಾಹರಣಿ ಇಟ್ಕೊಂಡು ಹೇಳ್ತೀನಿ, ಓದೋರಿಗೂ ನೆನಪು ಉಳೀತದ.

ಐಡಿಯಾ ಏನಂದ್ರ ಕೂಲರ್ ಸರ್ವಿಸ್. ನಮ್ಮೂರ ಬಿಸಿಲು ನಿಮಗ ಹೇಳೋದೇನದ, ಎಪ್ರಿಲ್ ಮೇದಾಗ 40 ಡಿಗ್ರಿ ದಾಟ್ತದ, ಹವಾ ಒಣಾ ಇರ್ತದ, ಅದಕ್ಕೇ ಇಲ್ಲಿ ಕೂಲರ್ ಛಲೋ ಕೆಲಸ ಮಾಡ್ತದ. ಮನಿಗೊಂದು ತಗಡಿನ ಕೂಲರ್ ಕಿಟಕಿಗಿ ಇದ್ದೇ ಇರ್ತದ. ಬೋರಿನ ನೀರು ಗಡಸು, ಒಂದು ಸೀಜನ್ ಆಗೂದ್ರಾಗ ಕೂಲರಿನ ಬಾಜೂಪಟ್ಟಿಗಿ ತುಂಬಿದ ಹುಲ್ಲಿನ ಮ್ಯಾಲ ಬಿಳೀ ಉಪ್ಪು ಕಟ್ಟಿ ಗಟ್ಟಿ ಆಗಿಬಿಡ್ತದ, ಪಂಪ್ ಜಾಮ್ ಆಗ್ತದ. ಬಿಸಿಲು ಏರಿದ ಮ್ಯಾಲ ಮಿಸ್ತ್ರಿ ಸಿಗಂಗಿಲ್ಲ. ಹಂಗಾದ್ರ ಫೆಬ್ರವರಿದಾಗೇ ಮನಿಗಿ ಹೋಗಿ ಹುಲ್ಲು ಬದಲಿ ಮಾಡಿ, ಟಾಕಿ ತೊಳದು, ಪಂಪು ಮೋಟರು ನೋಡಿ ಕೊಟ್ರ 400 ರೂಪಾಯಿ ಯಾರಾದ್ರೂ ಕೊಡ್ತಾರ ಅಂತ ನಮ್ಮ ಲೆಕ್ಕ.

"ಛಲೋ ಅದ, ಮಾಡ್ರಿ" ಅಂದ್ರ ಏನು ಅರ್ಥ

ಬ್ರಹ್ಮಪುರ, ಶಹಾಬಜಾರ್ ಕಡಿ 22 ಮನಿಗಿ ಹೋಗಿ ಕೇಳಿದ್ವಿ, ಹಿಂಗ ಸರ್ವಿಸ್ ಶುರು ಮಾಡ್ಲಕತ್ತೀವಿ, ನೀವು ತಗೋತೀರೇನ್ರಿ ಅಂತ. 19 ಮನ್ಯಾಗ ಹೂಂ ಅಂದ್ರು. "ಭಾಳ ಛಲೋ ವಿಚಾರ ಮಾಡೀರೆಪ್ಪಾ, ಬರ್ರಿ, ನಮ್ಮದೂ ಮಾಡಿ ಹೋಗ್ರಿ" ಅಂತ ಒಬ್ಬ ಕಾಕಾ ಅಂತೂ ಚಹಾ ಕುಡಿಸಿ ಕಳಿಸಿದ್ರು. ನಾವು ಅವತ್ತು ರಾತ್ರಿನೇ ಬೋರ್ಡಿಗಿ ಹೆಸರು ಹುಡುಕಲಕ್ಕ ಕುಂತ್ವಿ. ಮರುದಿನ ನಮ್ಮ ಸರ್ ಒಂದೇ ಮಾತು ಕೇಳಿದ್ರು, ಎಷ್ಟು ಮಂದಿ ರೊಕ್ಕ ಕೊಟ್ಟಾರ? ಅದೇ 22 ಮನಿಗಿ ತಿರುಗಿ ಹೋಗಿ, ಫೆಬ್ರವರಿ ಮೊದಲನೇ ವಾರಕ್ಕ ನಿಮ್ಮ ನಂಬರ್ ಹಚ್ತೀವಿ, 50 ರೂಪಾಯಿ ಅಡ್ವಾನ್ಸ್ ಕೊಡ್ರಿ, ಬರಲಿಲ್ಲಂದ್ರ ವಾಪಸ್ ಕೊಡ್ತೀವಿ ಅಂದ್ವಿ. ಕೊಟ್ಟೋರು 3 ಮಂದಿ.

ಇದ್ರಾಗ ಮಂದಿ ಸುಳ್ಳು ಹೇಳ್ಯಾರ ಅಂತ ತಿಳ್ಕೋಬ್ಯಾಡ್ರಿ. ನಮ್ಮ ಕಡಿ ಮನಿಗಿ ಬಂದ ಹುಡುಗರ ಮಾರಿ ನೋಡಿ ಬ್ಯಾಡ ಅನ್ನೋ ಪದ್ಧತಿ ಇಲ್ಲ, ಹುರುಪು ಮುರೀಬಾರ್ದಂತ ಛಲೋ ಅದ ಅಂತಾರ, ಅದು ಅವರ ದೊಡ್ಡತನ. ತಪ್ಪು ನಮ್ಮ ಪ್ರಶ್ನಾದಾಗ ಇತ್ತು. ಮುಂದ ಏನು ಮಾಡ್ತೀರಿ ಅಂತ ಕೇಳಿದ್ರ ಯಾರಾದ್ರೂ ಆಸೀನೇ ಹೇಳ್ತಾರ, ಹಿಂದ ಏನು ಮಾಡೀರಿ ಅಂತ ಕೇಳಿದ್ರ ನಡದಿದ್ದು ಹೇಳ್ತಾರ.

ಇದೇ ತಪ್ಪು ಭಾಳ ದೊಡ್ಡ ಕಂಪನಿನೂ ಮಾಡ್ಯದ. ಕೋಕಾ ಕೋಲಾದವರು 1985ರಾಗ ಹೊಸ ರುಚಿ ತರೂ ಮೊದಲ ಸುಮಾರು 2 ಲಕ್ಷ ಮಂದಿಗಿ ಕುಡಿಸಿ ನೋಡಿದ್ರು, ಹೊಸಾದೇ ಛಲೋ ಅದ ಅಂದೋರು ಜಾಸ್ತಿ ಇದ್ರು. ಎಪ್ರಿಲ್ 23ಕ್ಕ ಮಾರ್ಕೆಟಿಗಿ ಬಿಟ್ರು, ಮಂದಿ ಸಿಟ್ಟಿಗೆದ್ರು, 79 ದಿನಕ್ಕ ಹಳೀ ರುಚಿ ವಾಪಸ್ ತರೂದಾಯ್ತು. ಪರೀಕ್ಷಾದಾಗ ಕೇಳಿದ್ದು ಒಂದು ಗುಟುಕಿನ ರುಚಿ. ಹಳೀದು ಪೂರಾ ಸಿಗಂಗಿಲ್ಲ ಅಂದ್ರ ನಿಮಗ ಹೆಂಗ ಅನಸ್ತದ ಅನ್ನೋದನ್ನ ಸರಿಯಾಗಿ ಕೇಳಿರ್ಲಿಲ್ಲ. 2 ಲಕ್ಷ ಮಂದೀನ್ನ ಕೇಳಿದ್ರೂ ಪ್ರಶ್ನಾನೇ ತಪ್ಪಿದ್ರ ಉತ್ತರ ಹೆಂಗ ಸರಿ ಬರ್ತದ ಹೇಳ್ರಿ.

ಹೋದ ವರ್ಷ ಏನು ಮಾಡಿದ್ರಿ

ಆಮ್ಯಾಲ ನಮ್ಮ ಪ್ರಶ್ನಾ ಬದಲಿ ಮಾಡಿದ್ವಿ. ನಮ್ಮ ಐಡಿಯಾ ಹೇಳೋದೇ ಬಿಟ್ವಿ. ಹೋದ ಬ್ಯಾಸಗಿಗಿ ಕೂಲರ್ ಯಾರು ರೆಡಿ ಮಾಡಿದ್ರು, ಯಾವಾಗ ಮಾಡಿದ್ರು, ಎಷ್ಟು ಖರ್ಚು ಬಂತು, ಎಷ್ಟು ದಿನ ಕಾಯ್ದ್ರಿ, ಇಷ್ಟೇ ಕೇಳೋದು, ಕೇಳಿ ಸುಮ್ಮ ಕುಂದ್ರೋದು. ಸುಮ್ಮ ಕುಂದ್ರೋದೇ ಕಠಿಣ ಅದ ನೋಡ್ರಿ, ಒಂದು ಕ್ಷಣ ಅವರು ಸುಮ್ಮಾದ್ರ ನಾವು ನಡುವ ಬಾಯಿ ಹಾಕಿ ನಮ್ಮ ಉತ್ತರ ಅವರ ಬಾಯಾಗ ಇಡ್ತೀವಿ.

ಒಬ್ಬ ಕಾಕೂ ಹೇಳಿದ್ರು, "ನಮ್ಮ ಮನಿಯವರೇ ಆಯ್ತವಾರ ಸೂಪರ್ ಮಾರ್ಕೆಟಿಗಿ ಹೋಗಿ ಹುಲ್ಲು ತರ್ತಾರ, ಹುಡುಗರು ಟಾಕಿ ತೊಳೀತಾವ, ಮಧ್ಯಾಹ್ನದಾಗ ಕೆಲಸ ಮುಗೀತದ." ಆ ಮನ್ಯಾಗ ಕೂಲರೂ ಅದ, ಉಪ್ಪು ಕಟ್ಟೋ ತ್ರಾಸೂ ಅದ, ಆದ್ರೂ ಅವರು ನಮ್ಮ ಗಿರಾಕಿ ಅಲ್ಲ, ಯಾಕಂದ್ರ ಆ ತ್ರಾಸಿಗಿ ಅವರು ಆಗಲೇ ಪುಕ್ಕಟ ದಾರಿ ಹುಡುಕ್ಯಾರ. ಹಿಂಗ ಭಾಳ ಮನಿ ಬಂದ್ವು. ನಮ್ಮ ಪ್ರತಿಸ್ಪರ್ಧಿ ರೋಡ್ ಬಾಜೂಕ ಕುಂದ್ರೋ ಮಿಸ್ತ್ರಿ ಅಂತ ನಾವು ತಿಳ್ಕೊಂಡಿದ್ವಿ, ಖರೇ ಅಂದ್ರ ಮನೀ ಗಂಡಸರ ಆಯ್ತವಾರದ ರಜಾ ನಮ್ಮ ದೊಡ್ಡ ಪ್ರತಿಸ್ಪರ್ಧಿ.

ಜೇವರ್ಗಿ ಕಾಲನಿ ಕಡಿ ಹೋದಾಗ ಬ್ಯಾರೆ ಮಾತು ಕೇಳಿ ಬಂತು. ರಿಟೈರ್ ಆದ ಮಾಸ್ತರ್ರು, ಮನ್ಯಾಗ ಗಂಡ ಹೆಂಡ್ತಿ ಇಬ್ರೇ, ಮಗ ಪುಣಾದಾಗ ನೌಕರಿ. ಹೋದ ವರ್ಷ ಸ್ಟೂಲ್ ಮ್ಯಾಲ ಹತ್ತಿ ಕೂಲರಿನ ಬಾಜೂಪಟ್ಟಿ ತಗೀಲಕ್ಕ ಹೋಗಿ ಜಾರಿ ಬಿದ್ದಿದ್ರಂತ, ಆಮ್ಯಾಲ ಮಿಸ್ತ್ರಿಗಿ ಹದಿನೈದು ದಿನ ಫೋನ್ ಮಾಡಿದ್ರಂತ, ಅಂವ ಬರೋತನಕ ಫ್ಯಾನಿನ ಕೆಳಗ ಒದ್ದಿ ಬಟ್ಟಿ ಹೊತ್ಕೊಂಡು ಮಲಗಿದ್ರಂತ. ನಾವು ಏನೂ ಮಾರಲಕ್ಕ ಹೋಗಿರ್ಲಿಲ್ಲ, ಅವರೇ ಕೇಳಿದ್ರು, "ತಮ್ಮಾ, ನಿಮ್ಮ ಬಲ್ಲಿ ಯಾರರ ನಂಬಿಕಸ್ತ ಹುಡುಗರು ಇದ್ರ ಹೇಳ್ರೆಪ್ಪಾ." ಆ ಮಾತು ಕೇಳಿ ನನಗ ಕಣ್ಣು ತೆರದಂಗಾಯ್ತು. ಎಲ್ಲರ ಮನ್ಯಾಗ ಕೂಲರ್ ಅದ, ಹಂಗಂದ್ರ ಎಲ್ಲರೂ ಗಿರಾಕಿ ಅನ್ನೋದು ನಮ್ಮ ಕಲ್ಪನಾ ಇತ್ತು, ವಯಸ್ಸಾದವರು ಇಬ್ರೇ ಇರೋ ಮನಿ ಅಂದ್ರ ಅಲ್ಲಿ ತ್ರಾಸೂ ಅದ, ಬ್ಯಾರೆ ದಾರಿನೂ ಇಲ್ಲ, ರೊಕ್ಕ ಕೊಡೋ ಶಕ್ತಿನೂ ಅದ. ಅಂಥಾ 12 ಮನಿ ಹುಡುಕಿ ಹೋದ್ವಿ, ಈ ಸಲ 100 ರೂಪಾಯಿ ಅಡ್ವಾನ್ಸ್ ಕೇಳಿದ್ವಿ, 5 ಮನ್ಯಾಗ ಕೊಟ್ರು.

ಸಣ್ಣದಾಗಿ ಮಾಡಿ ನೋಡೋದು

ಅಂಗಡಿ ಹಿಡದು ಸಾಮಾನು ತುಂಬಿ ಆಮ್ಯಾಲ ನಡೀತದೋ ಇಲ್ಲೋ ನೋಡೋದಲ್ಲ, ಒಬ್ಬ ಗಿರಾಕಿಗಿ ಕೈಯಿಂದ ಮಾಡಿ ಕೊಟ್ಟು ನೋಡೋದು. ಲಿಜ್ಜತ್ ಪಾಪಡ್ ಎಲ್ಲರಿಗೂ ಗೊತ್ತದ, 1959ರ ಮಾರ್ಚ್ 15ಕ್ಕ ಮುಂಬೈದಾಗ 7 ಮಂದಿ ಹೆಣ್ಮಕ್ಕಳು 80 ರೂಪಾಯಿ ಸಾಲ ತಂದು, ಮಾಳಗಿ ಮ್ಯಾಲ ಕುಂತು ಮೊದಲ ದಿನ ಮಾಡಿದ್ದು 4 ಪಾಕೀಟ್ ಹಪ್ಪಳ, ಗುರ್ತಿದ್ದ ವ್ಯಾಪಾರಿಗಿ ಕೊಟ್ಟು ನೋಡಿದ್ರು. ಅಮೆರಿಕಾದಾಗ ನಿಕ್ ಸ್ವಿನ್‌ಮರ್ನ್ ಅನ್ನೋರು 1999ರಾಗ ಆನ್‌ಲೈನ್‌ನಾಗ ಬೂಟು ಕೊಳ್ತಾರೋ ಇಲ್ಲೋ ನೋಡಬೇಕಾಗಿತ್ತು, ಒಂದು ಜೋಡಿನೂ ಸ್ಟಾಕ್ ಇಡಲಿಲ್ಲ, ಅಂಗಡಿಗಿ ಹೋಗಿ ಬೂಟಿನ ಫೋಟೋ ತಗದು ವೆಬ್‌ಸೈಟಿಗಿ ಹಾಕಿದ್ರು, ಆರ್ಡರ್ ಬಂದ್ರ ಅದೇ ಅಂಗಡಿಗಿ ಹೋಗಿ ಕೊಂಡು ಕಳಿಸಿದ್ರು. ಒಂದೊಂದು ಆರ್ಡರಿಗಿ ಲುಕ್ಸಾನ ಆದ್ರೂ ಚಿಂತಿ ಇರ್ಲಿಲ್ಲ, ಆಗ ಅವರಿಗಿ ಬೇಕಾಗಿದ್ದು ಒಂದೇ ಉತ್ತರ, ಕಾಲಿಗಿ ಹಾಕಿ ನೋಡದೇ ಮಂದಿ ಬೂಟಿಗಿ ರೊಕ್ಕ ಕೊಡ್ತಾರೇನು ಅಂತ. ಅದೇ ಮುಂದ ಝ್ಯಾಪೋಸ್ ಆಯ್ತು, 2009ರಾಗ ಅಮೆಝಾನ್ ಕೊಂಡ್ಕೊಂಡ್ತು.

ನಾವೂ ಹಂಗೇ, ಗುರ್ತಿನ ಮಿಸ್ತ್ರಿ ಒಬ್ರನ್ನ ಕರ್ಕೊಂಡು ಆ 5 ಮನಿ ಮಾಡಿದ್ವಿ. ಮಾಡಿದಾಗೇ ಗೊತ್ತಾಯ್ತು ಒಂದು ಕೂಲರಿಗಿ ಒಂದೂವರಿ ತಾಸು ಹಿಡೀತದ, ಹಳೀ ತಗಡಿನ ಸ್ಕ್ರೂ ತುಕ್ಕು ಹಿಡದು ತಿರಗಂಗೇ ಇಲ್ಲ, ಅಲ್ಲೇ ಅರ್ಧ ತಾಸು ಹೋಗ್ತದ. ಇದು ಯಾವ ಸರ್ವೇದಾಗೂ ಬರಂಗಿಲ್ಲ.

ಲೆಕ್ಕ, ಇದನ್ನ ಪೆನ್ನು ಹಿಡದು ಮಾಡ್ರಿ

ಒಂದು ಕೂಲರಿಗಿ ನಮಗ ಬರೋದು 400. ಹುಲ್ಲು, ಜಾಳಿಗಿ, ಎಣ್ಣಿ ಸೇರಿ 150, ಮಿಸ್ತ್ರಿಗಿ 120, ಪೆಟ್ರೋಲ್ 30. ಉಳಿಯೋದು 100, ಇದಕ್ಕ ಬುಕ್‌ನಾಗ ಕೊಡುಗೆ ಅಂತಾರ. ತಿಂಗಳಾ ಖಾಯಂ ಖರ್ಚು, ಅಂದ್ರ ಸಣ್ಣ ಖೋಲಿ ಬಾಡಗಿ, ಫೋನ್, ಚೀಟಿ ಛಾಪಿಸೋದು, ನಮ್ಮದು ಒಂದಿಷ್ಟು, ಎಲ್ಲಾ ಕೂಡಿ 9000 ಹಿಡೀರಿ. 9000ಕ್ಕ 100ರಿಂದ ಭಾಗಿಸಿದ್ರ 90, ಅಂದ್ರ ತಿಂಗಳಿಗಿ 90 ಕೂಲರ್ ಮಾಡಿದ್ರ ಲಾಭನೂ ಇಲ್ಲ ಲುಕ್ಸಾನನೂ ಇಲ್ಲ. ಒಬ್ಬ ಮಿಸ್ತ್ರಿ ದಿನಕ್ಕ 5 ಮಾಡಿದ್ರ 25 ದಿನಕ್ಕ 125 ಆಗ್ತಾವ, ಅದ್ರಾಗ 90 ಅಂದ್ರ ಬರೇ ಖರ್ಚು ಹೊಂಡಸಲಕ್ಕೇ ನೂರಕ್ಕ 72ರಷ್ಟು ಕೆಲಸ ಹೋಯ್ತು. ಒಂದು ದಿನ ಒಂದೇ ಏರಿಯಾ ಅಂತ ಮಾಡ್ಕೊಂಡ್ರ ಪೆಟ್ರೋಲ್ 10ಕ್ಕ ಇಳೀತದ, ಕೊಡುಗೆ 120 ಆಗ್ತದ, ಆಗ 75 ಕೂಲರ್ ಸಾಕು. ಬರೇ 20 ರೂಪಾಯಿ ಫರಕಿನಿಂದ 15 ಕೂಲರ್ ಕಡಿಮಿ ಆದ್ವು ನೋಡ್ರಿ.

ಈಗ ವರ್ಷದ ಲೆಕ್ಕ ಹಾಕ್ರಿ, ಇಲ್ಲೇ ನಮ್ಮ ಪ್ಲಾನ್ ಮುರದದ್ದು. ಕೂಲರ್ ಸೀಜನ್ ಫೆಬ್ರವರಿಯಿಂದ ಮೇತನಕ ನಾಕು ತಿಂಗಳು, ಮಳಿ ಬಂತಂದ್ರ ಮುಗೀತು. ಖಾಯಂ ಖರ್ಚು ಹನ್ನೆರಡೂ ತಿಂಗಳು ಹೊಂಟ್ರ ವರ್ಷಕ್ಕ 1,08,000, ಅದಕ್ಕ 120ರಿಂದ ಭಾಗಿಸಿದ್ರ 900 ಕೂಲರ್, ನಾಕು ತಿಂಗಳಿಗಿ ಹಂಚಿದ್ರ ತಿಂಗಳಿಗಿ 225. ಒಬ್ಬ ಮಿಸ್ತ್ರಿ ಮಾಡೋದೇ 125. ಅಂದ್ರ ವರ್ಷದ ಬಾಡಗಿ ಹಿಡದು ಅಂಗಡಿ ಹಾಕೋದು ಆಗೋ ಮಾತೇ ಅಲ್ಲ, ಸೀಜನ್ ಕೆಲಸ ಅಂತ ಮನ್ಯಾಗಿಂದಲೇ ಮಾಡಿದ್ರ ಮಾತ್ರ ಲೆಕ್ಕ ಕೂಡ್ತದ. ಈ ಒಂದು ಭಾಗಾಕಾರ ಮೊದಲೇ ಮಾಡಿದ್ರಿಂದ ಖೋಲಿಗಿ ಕೊಡಬೇಕಂತ ಇಟ್ಟಿದ್ದ ಡಿಪಾಸಿಟ್ ರೊಕ್ಕ ನಮ್ಮ ಕೈಯಾಗೇ ಉಳೀತು.

ಕಾನೂನಿನ ಭಾಗ ಸಣ್ಣದು. 900 ಕೂಲರ್ ಮಾಡಿದ್ರೂ ವಹಿವಾಟು 3,60,000, ಸೇವಾ ಕೆಲಸಕ್ಕ ಜಿಎಸ್‌ಟಿ ನೋಂದಣಿ ಮಿತಿ 20 ಲಕ್ಷ, ಅದ್ರಾಗ ನಾವು ಬರಂಗಿಲ್ಲ. ಸಣ್ಣ ಧಂದಾಗೋಳ ಸರ್ಕಾರಿ ನೋಂದಣಿ, ಅಂದ್ರ ಉದ್ಯಮ್ ನೋಂದಣಿ, ಆನ್‌ಲೈನ್‌ನಾಗ ಪುಕ್ಕಟ ಆಗ್ತದ, ಅದಕ್ಕಂತ ಯಾರಿಗೂ ರೊಕ್ಕ ಕೊಡಬ್ಯಾಡ್ರಿ. ತಿನ್ನೋ ಸಾಮಾನಿನ ಐಡಿಯಾ ಇದ್ರ ಮಾತ್ರ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕೇ ಬೇಕು.

ಎಷ್ಟು ಮಂದೀನ್ನ ಕೇಳಿದ್ರ ಸಾಕು

ಸ್ಟ್ಯಾಟಿಸ್ಟಿಕ್ಸ್ ಪೇಪರ್ ಇಲ್ಲಿ ಕೆಲಸಕ್ಕ ಬರ್ತದ. n ಮಂದೀನ್ನ ಕೇಳಿ ಒಬ್ಬರೂ ಕೊಳ್ಳಲಿಲ್ಲಂದ್ರ, ಖರೇ ಪ್ರಮಾಣ ಹೆಚ್ಚಂದ್ರ 3/n ಇರಬಹುದು ಅಂತ 95% ಭರೋಸಾದಿಂದ ಹೇಳಬಹುದು. 30 ಮಂದಿ ಕೇಳಿ ಸೊನ್ನಿ ಬಂದ್ರ ಮಾರ್ಕೆಟ್ ಸತ್ತದ ಅಂತ ಅರ್ಥ ಅಲ್ಲ, ಆದ್ರ 10%ಕ್ಕಿಂತ ಹೆಚ್ಚು ಇರೋದು ಕಠಿಣ ಅಂತ ಅರ್ಥ. ನಿಮ್ಮ ಲೆಕ್ಕಕ್ಕ ನೂರಕ್ಕ 25 ಮಂದಿ ಬೇಕಿದ್ರ ಅಲ್ಲಿಗೇ ಬಿಡಬೇಕು, 5 ಸಾಕಿದ್ರ ಇನ್ನೂ ಕೇಳಬೇಕು. ನಮ್ಮ 22ಕ್ಕ 3 ಅನ್ನೋದು ನೋಡಲಕ್ಕ 14% ಅದ, ಖರೇ ಅಂದ್ರ ಅದು 3%ರಿಂದ 35% ನಡುವ ಎಲ್ಲಿ ಬೇಕಾದ್ರೂ ಇರಬಹುದು. ಇಷ್ಟು ಅಗಲ ಇದ್ದಾಗ 14% ಅಂತ ಪ್ರಾಜೆಕ್ಟ್ ರಿಪೋರ್ಟಿನಾಗ ಗಟ್ಟಿಯಾಗಿ ಬರದ್ರ ನಮಗ ನಾವೇ ಮೋಸ ಮಾಡ್ಕೊಂಡಂಗ. ಮತ್ತ ಆ 22ರಾಗ ನಮ್ಮ ಮಾವಾ, ಅತ್ತಿ, ಗೆಳೆಯನ ಕಾಕಾ ಇದ್ರ ಅವರನ್ನ ತಗದೇ ಎಣಸ್ರಿ.

ಯಾವಾಗ ಕೇಳ್ತೀರಿ ಅನ್ನೋದೂ ಅಷ್ಟೇ ಮುಖ್ಯ. ನಮ್ಮ ಕ್ಲಾಸಿನ ಒಬ್ಬಾಕಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಪಾಕೀಟ್ ಮಾಡಿ ಶರಣಬಸವೇಶ್ವರ ಜಾತ್ರ್ಯಾಗ ಮಾರಿದ್ಲು, ತಂದಿದ್ದೆಲ್ಲಾ ಸಂಜಿ ಒಳಗ ಖಾಲಿ. ಜಾತ್ರಿ ಮುಗದ ಮ್ಯಾಲ ಅದೇ ಪಾಕೀಟ್ ಹಾಸ್ಟೆಲ್‌ಗೋಳ ಮುಂದ ಇಟ್ಲು, ಹೋಗಲಿಲ್ಲ. ಜಾತ್ರಿಗಿ ಬಂದೋರು ಊರಿಗಿ ಒಯ್ಲಕ್ಕ ಕೊಂಡೋರು, ತಿರುಗಿ ಬರೋ ಗಿರಾಕಿ ಅಲ್ಲ, ಹಾಸ್ಟೆಲ್ ಹುಡುಗರಿಗಿ ಊರಿಂದ ಗಂಟಿನಾಗ ರೊಟ್ಟಿ ಬರ್ತಾವ. ಆಕಿ ಈಗ ಮೊದಲನೇ ಮಾರಾಟ ಎಣಸಂಗೇ ಇಲ್ಲ, ಎರಡನೇ ಸಲ ಯಾರು ಕೇಳ್ಕೊಂಡು ಬಂದ್ರು ಅಂತ ಮಾತ್ರ ವಹಿದಾಗ ಬರೀತಾಳ, ಆ ಲೆಕ್ಕದಿಂದ ಆಕಿಗಿ ಸಿಕ್ಕ ಗಿರಾಕಿ ಅಂದ್ರ ಗಂಡ ಹೆಂಡ್ತಿ ಇಬ್ರೂ ನೌಕರಿ ಮಾಡೋ ಮನಿಗೋಳು.

ತೊಗರಿ ಬ್ಯಾಳಿ ಬ್ರಾಂಡ್ ಮಾಡ್ತೀವಿ ಅನ್ನೋರಿಗೂ ಇದೇ ಮಾತು. ಕಲಬುರಗಿ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರ್ತು, ಸಿಕ್ಕದ, ನನಗೂ ಹೆಮ್ಮಿ ಅದ, ಆದ್ರ ಟ್ಯಾಗ್ ನೋಡಿ ಗಂಜ್ ಮಾರ್ಕೆಟಿನ ಖುಲ್ಲಾ ಬ್ಯಾಳಿಕಿಂತ ಕಿಲೋಕ್ಕ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡೋರು ಯಾರು, ಅವರು ಇದೇ ಊರಾಗ ಅದಾರೋ ಬೆಂಗಳೂರಾಗ ಅದಾರೋ, 20 ಕಿಲೋ ಪಾಕೀಟ್ ಮಾಡಿ ಮಾರಿ ನೋಡೇ ತಿಳ್ಕೋಬೇಕು.

ಇನ್ನೊಂದು, ಪರೀಕ್ಷಾ ಶುರು ಮಾಡೂ ಮೊದಲೇ ಪಾಸ್ ಮಾರ್ಕ್ಸ್ ಬರದಿಡ್ರಿ, ತಾರೀಖ ಹಾಕಿ. ಆಮ್ಯಾಲ ಬರಿಯೋದಾದ್ರ ಬಂದ ಸಂಖ್ಯಾಕ್ಕ ತಕ್ಕಂಗ ನಮ್ಮ ಮನಸ್ಸೇ ಗುರಿ ಇಳಸ್ತದ, ಇದು ನನಗ ಸ್ವತಃ ಆಗ್ಯದ, 3 ಬಂದಾಗ ಮೂರೂ ಛಲೋನೇ ಅಂತ ಅನಸಿತ್ತು. ಈ ಫೆಬ್ರವರಿಗಿ ನಮ್ಮ ವಹಿದಾಗ ಹಿಂಗ ಬರದೀವಿ: ಜೇವರ್ಗಿ ಕಾಲನಿ, ಗುಬ್ಬಿ ಕಾಲನಿ ಕಡಿ ವಯಸ್ಸಾದವರು ಇರೋ 40 ಮನಿ, ನಮ್ಮ ಗುರ್ತಿನವರು ಒಬ್ಬರೂ ಇರಬಾರ್ದು, 100 ರೂಪಾಯಿ ಅಡ್ವಾನ್ಸ್. 14 ಅಥವಾ ಹೆಚ್ಚು ಬಂದ್ರ ಸೀಜನ್ ಪೂರಾ ಮಾಡೋದು. 6ಕ್ಕಿಂತ ಕಡಿಮಿ ಬಂದ್ರ ಅಡ್ವಾನ್ಸ್ ಕೊಟ್ಟೋರ ಕೂಲರ್ ಮಾಡಿ ಕೊಟ್ಟು ಅಲ್ಲಿಗೇ ಬಿಡೋದು. ನಡುವ ಬಂದ್ರ ಊರು ಬಿಟ್ಟು ನೌಕರಿಗಿ ಹೋದ ಮಕ್ಕಳಿಗಿ ಫೋನ್ ಮಾಡಿ, ನಿಮ್ಮ ಅಪ್ಪ ಅವ್ವನ ಮನೀ ಕೂಲರಿಗಿ ನೀವು ರೊಕ್ಕ ಕೊಡ್ತೀರೇನು ಅಂತ ಅವರನ್ನೇ ಗಿರಾಕಿ ಮಾಡಿ ಇನ್ನೊಂದು ಸಲ ನೋಡೋದು. ಕೆಳಗ ಇಬ್ರೂ ಸಹಿ ಹಾಕೀವಿ.