ಇಸಿ ಕ್ಲೀನ್ ಇದೆ ಸರಿ, ಬೋರ್ ನೀರು?

ನಮ್ಮ ಚಿಕ್ಕಪ್ಪ ಕೋಲಾರದ ಹತ್ರ ಸೈಟ್ ತಗೊಳೋವಾಗ ಮೂವತ್ತು ವರ್ಷದ ಇಸಿ (ಎನ್‌ಕಂಬರೆನ್ಸ್ ಸರ್ಟಿಫಿಕೇಟ್, ಋಣಭಾರ ಪತ್ರ) ತೆಗ್ಸಿದ್ರು, ಪಹಣಿ, ಮ್ಯುಟೇಶನ್, ಡಿಸಿ ಕನ್ವರ್ಷನ್ (ಕೃಷಿ ಜಮೀನನ್ನ ಮನೆ ಕಟ್ಟೋಕೆ ಬದಲಾಯಿಸಿದ ಆದೇಶ) ಎಲ್ಲಾ ಲಾಯರ್‌ಗೆ ತೋರಿಸಿದ್ರು, ಪಕ್ಕದ ತೋಟದ ಬೋರ್ ನೀರು ಮಾತ್ರ ಟೆಸ್ಟ್ ಮಾಡಿಸ್ಲಿಲ್ಲ. ಜಮೀನಿನ ಮೇಲೆ ಸಾಲ ಇದ್ಯಾ ಅಂತ ಇಸಿ ಹೇಳತ್ತೆ, ಒಳಗೇನಿದೆ ಅಂತ ಯಾವ ಕಾಗದನೂ ಹೇಳಲ್ಲ.

ನಮ್ ಕಡೆ ಮೊದಲ ತಲೆನೋವು ಫ್ಲೋರೈಡ್, ನೀರಲ್ಲಿ ಜಾಸ್ತಿ ಆದ್ರೆ ಹಲ್ಲು, ಮೂಳೆ ಹಾಳು ಮಾಡತ್ತೆ. ಇದಕ್ಕೆ ಫ್ಯಾಕ್ಟರಿ ಬೇಕಿಲ್ಲ, ಕೆಳಗಿರೋ ಗ್ರಾನೈಟ್ ಬಂಡೇಲೇ ಫ್ಲೋರೈಡ್ ಇರೋ ಖನಿಜಗಳಿವೆ, ಬಂಡೆ ಬಿರುಕಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನ ನಿಧಾನಕ್ಕೆ ಕರಗಿಸ್ಕೊಳತ್ತೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ ಓಕೆ ಅನ್ನತ್ತೆ ನಮ್ಮ ದೇಶದ ಮಾನದಂಡ. ಕುದಿಸಿದ್ರೆ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗತ್ತೆ ಅಷ್ಟೇ.

ಕೆಜಿಎಫ್, ಅಂದ್ರೆ ಕೋಲಾರದ ಚಿನ್ನದ ಗಣಿ ಊರು, ಅದರ ಕತೆ ಬೇರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು. ಕಲ್ಲನ್ನ ಹಿಟ್ಟು ಮಾಡಿ, ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದ ಪುಡಿ ಸುರಿದಿದ್ದೇ ಊರಿನ ಆ ಸೈನೈಡ್ ದಿಬ್ಬಗಳು. ಹೆಸರು ಕೇಳಿ ಎಲ್ರೂ ಸೈನೈಡ್‌ಗೆ ಹೆದರ್ತಾರೆ, ಆದ್ರೆ ಅದು ಬಿಸಿಲು ಗಾಳಿಗೆ ವರ್ಷಗಳಲ್ಲಿ ಬಹುಪಾಲು ಒಡೆದುಹೋಗತ್ತೆ. ಅದಿರಿನ ಜೊತೆ ಬಂದಿರೋ ಆರ್ಸೆನಿಕ್ ಅನ್ನೋ ವಿಷ ಹಾಗಲ್ಲ, ಅದು ಮೂಲಧಾತು, ಒಡೆಯೋಕೆ ಏನೂ ಇಲ್ಲ. ದಿಬ್ಬದ ಹತ್ರ ಅಗ್ಗಕ್ಕೆ ಸೈಟ್ ಸಿಗ್ತಿದೆ ಅಂದ್ರೆ ಆಷಾಢದ ಗಾಳಿ ಬೀಸೋವಾಗ ಹೋಗಿ ನಿಂತ್ಕೊಳಿ, ಧೂಳು ಯಾವ ಕಡೆ ಹೋಗ್ತಿದೆ ನೋಡಿ.

ಹಳೇ ಪಹಣಿಗಳನ್ನೂ ತೆಗ್ಸಿ, ಬೆಳೆ ಕಾಲಂ ನೋಡಿ (ಲಾಯರ್ ಅದನ್ನ ನೋಡೋದೇ ಇಲ್ಲ). ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಅಂತಿದ್ರೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ವರ್ಷವರ್ಷ ಹೊಡೆದಿರಬಹುದು, ಅದರ ತಾಮ್ರ ಮೇಲ್ಮಣ್ಣಲ್ಲೇ ಕೂತಿರತ್ತೆ. ಮನೆ ಕಟ್ಟೋರಿಗೆ ನನ್ ಪ್ರಕಾರ ಇದು ದೊಡ್ಡ ವಿಷಯ ಅಲ್ಲ, ಹಿತ್ತಲಲ್ಲಿ ಗಿಡ ಚೆನ್ನಾಗಿ ಬರದೇ ಇರಬಹುದು. ಆದ್ರೆ ಹಳೇ ಕ್ವಾರಿ ಗುಂಡಿಗೆ ಕಸ ತುಂಬಿ ಮೇಲೆ ಕೆಮ್ಮಣ್ಣು ಹಾಕಿರೋ ಜಾಗ ಆದ್ರೆ ಅಡ್ವಾನ್ಸ್ ಕೊಡ್ಲೇಬೇಡಿ, ಕೆಳಗೆ ಕೊಳೆತು ಮೀಥೇನ್ ಬರತ್ತೆ, ಕಪ್ಪು ನೀರು ಅಕ್ಕಪಕ್ಕದ ಬೋರ್‌ಗೆ ಇಳಿಯತ್ತೆ, ಅಡಿಪಾಯನೂ ಕೂರತ್ತೆ.

ಟೆಸ್ಟ್‌ಗೆ ಪಕ್ಕದವರ ಮೋಟರ್ ಸ್ವಲ್ಪ ಹೊತ್ತು ಓಡಿಸಿ, ಪೈಪಲ್ಲಿ ನಿಂತಿದ್ದ ನೀರು ಹೋದ್ಮೇಲೆ ಕ್ಲೀನ್ ಪ್ಲಾಸ್ಟಿಕ್ ಬಾಟಲಲ್ಲಿ ಹಿಡೀರಿ, ಗಾಜಿಂದು ಬೇಡ, ಫ್ಲೋರೈಡ್‌ಗೆ ಆಗಲ್ಲ. ಲ್ಯಾಬಲ್ಲಿ ಫ್ಲೋರೈಡ್, ನೈಟ್ರೇಟ್ (ಗೊಬ್ಬರ, ಚರಂಡಿಯಿಂದ ನೀರಿಗೆ ಇಳಿಯೋದು) ಎರಡೂ ಬರೆಸಿ, ಕೆಜಿಎಫ್ ಕಡೆ ಆದ್ರೆ ಆರ್ಸೆನಿಕ್ ಕೂಡ. ಅದಕ್ಕೆ ಬೇರೆ ಬಾಟಲ್ ಕೇಳ್ತಾರೆ.