ಮೊಟ್ಟೆಗೆ ಮಣ್ಣು ಮೆತ್ತುವ ಕಪ್ಪೆ

ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ, ಲೋಳೆಯ ಹೊದಿಕೆಯಷ್ಟೆ. ಒಳಗಿನ ಜೀವಕ್ಕೆ ಆಮ್ಲಜನಕ ಸಿಗುವುದು ಆ ಲೋಳೆಯ ಮೂಲಕ. ತೇವ ಆರಿಹೋಗುವುದೂ ಅಲ್ಲಿಂದಲೇ. ಗೋಂಕರುಕಪ್ಪೆ ನಿಂತ ನೀರಿನಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ತನ್ನ ಪಾಡಿಗೆ ಹೋಗಿಬಿಡುತ್ತದೆ. ಅಷ್ಟರಲ್ಲಿ ಕೆಲವಾದರೂ ಉಳಿಯುತ್ತವೆ. ಮಲೆನಾಡಿನ ಹಳ್ಳದಲ್ಲಿ ಈ ಲೆಕ್ಕ ನಡೆಯದು. ಒಂದು ರಾತ್ರಿಯ ಜಡಿಮಳೆ ಸಾಕು, ಮೊಟ್ಟೆಯೆಲ್ಲ ಕೊಚ್ಚಿಹೋಗಲು. ನೀರಿನಿಂದ ಮೇಲಿಟ್ಟರೋ, ಮಳೆ ನಾಲ್ಕು ದಿನ ಬಿಡುವು ಕೊಟ್ಟಾಗ ಒಣಗುವ ಭಯ.

ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆ ಇದಕ್ಕೆ ಮಣ್ಣಿನ ಉಪಾಯ ಹೂಡಿದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದಕ್ಕೆ ‘ನಿಕ್ಟಿಬ್ಯಾಟ್ರಾಕಸ್ ಕುಂಬಾರ’ ಎಂದು ಹೆಸರಿಟ್ಟರು. ಮಳೆಗಾಲದ ರಾತ್ರಿ, ಹಳ್ಳದ ತೆಳುನೀರಿನಲ್ಲಿ ಕೂತ ಗಂಡು ಕೂಗಿ ಹೆಣ್ಣನ್ನು ಕರೆಯುತ್ತದೆ. ನೀರಿನ ಮೇಲೆ ಬಾಗಿದ ಕಡ್ಡಿ ಅಥವಾ ಕಲ್ಲಿಗೆ ಮೊಟ್ಟೆ ಅಂಟಿಸಲು ಹೆಣ್ಣು ಮುಂಗೈಗಳ ಮೇಲೆ ತಲೆಕೆಳಗಾಗಿ ನಿಲ್ಲುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಗಂಡು ಮಾತ್ರ ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರು ಬಾಚಿ, ಹಿಂಗಾಲ ಮೇಲೆ ಎದ್ದು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಮೆತ್ತುತ್ತದೆ, ಮೊಟ್ಟೆ ಮರೆಯಾಗುವವರೆಗೆ. ಒದ್ದೆ ಮಣ್ಣು ತೇವವನ್ನು ಹಿಡಿದಿಡುತ್ತದೆ, ತಿನ್ನಬಂದವರ ಕಣ್ಣನ್ನೂ ತಪ್ಪಿಸುತ್ತದೆ ಎಂಬುದು ಸಂಶೋಧಕರ ಊಹೆ.

ಮಲಬಾರ್ ಹಾರುಕಪ್ಪೆಯದು ನೊರೆಯ ದಾರಿ. ಸ್ರವಿಸಿದ ಲೋಳೆಯನ್ನು ಹಿಂಗಾಲಿನಲ್ಲಿ ಕಡೆದು, ಗುಂಡಿಯ ಮೇಲಿನ ಎಲೆಗಳಲ್ಲಿ ನೊರೆಗೂಡು ಕಟ್ಟುತ್ತದೆ. ಹೊರಪದರ ಗಟ್ಟಿಯಾದರೂ ಒಳಗೆ ಪಸೆ ಉಳಿಯುತ್ತದೆ. ಗೊದಮೊಟ್ಟೆಗಳು ಕೆಳಗಿನ ನೀರಿಗೆ ತೊಟಕ್ಕನೆ ಬೀಳುತ್ತವೆ. ಅಷ್ಟು ಹೊತ್ತಿಗೆ ಗುಂಡಿ ಬತ್ತಿದ್ದರೆ ಗೂಡು ಎಷ್ಟು ಚೆನ್ನಾಗಿದ್ದೂ ವ್ಯರ್ಥ.

ಪೊದೆಗಪ್ಪೆಗಳು ಗೊದಮೊಟ್ಟೆಯ ಗೊಡವೆಯನ್ನೇ ಬಿಟ್ಟಿವೆ. ಮೊಟ್ಟೆಯೊಳಗೇ ಕೈಕಾಲು ಮೂಡಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಪೂರ್ತಿ ಬೆಳೆಯುವ ತನಕ ಊಟ ಮೊಟ್ಟೆಯ ಹಳದಿಯಲ್ಲೇ ಇರಬೇಕು. ಹಾಗಾಗಿ ಮೊಟ್ಟೆ ದಪ್ಪ, ಎಣಿಕೆ ಕಡಿಮೆ. ತಮಿಳುನಾಡಿನ ಕಳಕ್ಕಾಡು-ಮುಂಡಂತುರೈ ಕಾಡಿನ ಇಂಥದ್ದೊಂದು ಕಪ್ಪೆ, ಹೆಚ್ಚುಕಡಿಮೆ 2.5 ಸೆಂ.ಮೀ. ಉದ್ದದ್ದು, ನಿಂತ ಬಿದಿರಿನಲ್ಲಿರುವ ಸಣ್ಣ ಸೀಳಿನಲ್ಲಿ ನುಸುಳಿ, ಗೆಣ್ಣುಗಳ ನಡುವಿನ ಟೊಳ್ಳಿನಲ್ಲಿ ಬೆರಳೆಣಿಕೆಯ ಮೊಟ್ಟೆ ಇಡುತ್ತದೆ. ಗಂಡು ಒಳಗೇ ಕಾವಲು. ಈ ಸೀಳನ್ನು ಕಪ್ಪೆ ತಾನೇ ಕೊರೆಯಲಾರದು, ಬೇರೆ ಪ್ರಾಣಿಗಳು ಮಾಡಿಟ್ಟ ತೂತು ಸಿಗಬೇಕು. ಮರಿ ಮಾಡುವ ಕಾಲದಲ್ಲಿ ಅಂಥ ಬಿದಿರು ಕಡಿದರೆ ಕಾವಲಿನವನೂ ಮೊಟ್ಟೆಗಳೂ ಒಟ್ಟಿಗೇ ಹೋಗುತ್ತವೆ.